ಚಪ್ಪಾಳೆ ತಟ್ಟದೆ ಕೂತಿದ್ದು

ಸಭೆಯಲ್ಲಿ ಯಾರಾದರೂ ಮಾತಿನ ಮಧ್ಯೆ ತಡವರಿಸಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಆಸ್ಟ್ರೇಲಿಯಾದ ಪರ್ತ್‌ನ ನಮ್ಮ ಕನ್ನಡ ಸಂಘದಲ್ಲಿ ಮೈಕು, ಸ್ಪೀಕರ್‌ಗಳ ಉಸ್ತುವಾರಿ ವರ್ಷಗಟ್ಟಲೆ ನನ್ನದೇ ಆಗಿತ್ತು. ರಾಜ್ಯೋತ್ಸವದಲ್ಲಿ ಹಾಡುವ ಮಗು ಸಾಲು ಮರೆತರೆ, ಭಾಷಣಕಾರರಿಗೆ ಮುಂದಿನ ಚೀಟಿ ಸಿಗದಿದ್ದರೆ, ನಾನು ಜೋರಾಗಿ ಚಪ್ಪಾಳೆ ಶುರು ಮಾಡುತ್ತಿದ್ದೆ. ಸಭೆಯೂ ಸೇರಿಕೊಳ್ಳುತ್ತಿತ್ತು, ವೇದಿಕೆಯ ಮೇಲಿದ್ದವರ ಮಾನ ಉಳಿಯುತ್ತಿತ್ತು. ಇದೊಂದು ಕಲೆ ಎಂದೇ ನಂಬಿದ್ದೆ. ಸ್ವಲ್ಪ ಜಂಬವೂ ಇತ್ತು.

2016ರ ಸುಮಾರಿಗೆ ಆಫೀಸಿನ ಗೆಳೆಯನೊಬ್ಬ ಸ್ಪೀಕರ್ ಕೇಳಿಕೊಂಡು ಹ್ಯಾರಿಸ್‌ಡೇಲ್‌ನ ನಮ್ಮ ಮನೆಗೆ ಬಂದ. ಅವನು ಆ ನೆಲದ ಮೂಲನಿವಾಸಿ, ಗಿಟಾರ್ ನುಡಿಸುತ್ತಿದ್ದ. ತಮ್ಮ ಗಂಡಸರು ಮನಸ್ಸಿನ ನೋವನ್ನು ಡಾಕ್ಟರ ಮುಂದೆ ಹೇಳುವುದಿಲ್ಲ, ಹಾಡಿನ ನಡುವೆ ಕೂರಿಸಿದರೆ ಹೇಳುತ್ತಾರೆ ಎಂಬುದು ಅವನ ನಂಬಿಕೆ. ಅದಕ್ಕೇ ಶನಿವಾರ ಮಧ್ಯಾಹ್ನ ಅವರದೊಂದು ಕೂಟ: ಒಂದು ಹಾಡು, ಒಬ್ಬರ ಕಥೆ, ಮತ್ತೆ ಹಾಡು, ನಡುವೆ ಟೀ. ಸ್ಪೀಕರ್ ಜೊತೆ ನಾನೂ ಹೋದೆ.

ಅಲ್ಲಿ ಟೀ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರನ್ನು ಎಲ್ಲರೂ ಅಂಕಲ್ ಎನ್ನುತ್ತಿದ್ದರು. ಸಂಬಂಧವಿಲ್ಲದವರನ್ನೂ ಅಂಕಲ್ ಮಾಡಿಕೊಳ್ಳುವುದು ನಮಗೇನು ಹೊಸದೇ? ನನಗೆ ಅಲ್ಲಿ ಬೇಗ ಮನೆಯಂತಾಯಿತು. ಅಂಕಲ್ ಮತ್ತು ಅವರ ತಮ್ಮ ಹಿಂದೆ ಜೊತೆಯಾಗಿ ಮೌತ್ ಆರ್ಗನ್ ನುಡಿಸುತ್ತಿದ್ದರಂತೆ. ತಮ್ಮ ತೀರಿಕೊಂಡ ಮೇಲೆ ಅಂಕಲ್ ಅದನ್ನು ಬಾಯಿಗಿಟ್ಟಿರಲಿಲ್ಲ, ತಮ್ಮನ ಮಾತೂ ಎತ್ತಿರಲಿಲ್ಲ. ಊಟ, ನಿದ್ದೆ ಎರಡೂ ಕೆಟ್ಟಿದ್ದವು. ಅವರೊಮ್ಮೆ ಬಾಯಿ ಬಿಟ್ಟರೆ ಸಾಕೆಂದು ಗೆಳೆಯ ತಿಂಗಳುಗಳಿಂದ ಕಾಯುತ್ತಿದ್ದ.

ನಾನು ಹೋದ ಮೂರನೆಯ ಶನಿವಾರ ಅಂಕಲ್ ಕೆಟಲ್ ಬಿಟ್ಟು ಮೈಕಿನ ಹತ್ತಿರ ಬಂದರು. "ನಾನೂ ನನ್ ತಮ್ಮನೂ ಒಂದಿನ ಮೀನು ಹಿಡಿಯೋಕೆ ಹೋಗಿದ್ವಿ," ಎಂದರು. ಅಷ್ಟೇ, ನಿಂತುಬಿಟ್ಟರು. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದೆ. ಪಾಪ, ಮುಂದಿನ ಮಾತು ಸಿಗುತ್ತಿಲ್ಲ ಎಂದುಕೊಂಡೆ. ಚಪ್ಪಾಳೆ ತಟ್ಟಿಯೇಬಿಟ್ಟೆ.

ಒಬ್ಬರೂ ಸೇರಿಕೊಳ್ಳಲಿಲ್ಲ. ಅಂಕಲ್ ನನ್ನ ಕಡೆ ನೋಡಿ ವಿನಯದಿಂದ ತಲೆಯಾಡಿಸಿ, ಮೈಕು ಇಟ್ಟು ವಾಪಸು ಟೀ ಮೇಜಿಗೆ ಹೋದರು. ಭೂಮಿ ಬಾಯ್ತೆರೆಯಬಾರದೇ ಎನಿಸಿತು ನನಗೆ.

ಸ್ಪೀಕರ್‌ಗಳನ್ನು ಕಾರಿಗೆ ತುಂಬುವಾಗ ಗೆಳೆಯ ಬೈಯಲಿಲ್ಲ. "ಅವ್ರು ನಿಲ್ಸಿರ್ಲಿಲ್ಲ ಕಣೋ. ಮನಸ್ಸಲ್ಲೇ ಆ ನದಿ ಹತ್ರ ಹೋಗ್ತಾ ಇದ್ರು. ನಾವು ಸುಮ್ನೆ ಜೊತೇಲಿ ಹೋಗ್ಬೇಕಿತ್ತು," ಎಂದ. ತಮ್ಮವರಲ್ಲಿ ಕಥೆಯ ನಡುವಿನ ಮೌನವೂ ಕಥೆಯೇ, ಅದನ್ನು ಯಾರೂ ತುಂಬುವುದಿಲ್ಲ ಎಂದು ವಿವರಿಸಿದ. ಮನೆಯಲ್ಲಿ ಹೆಂಡತಿಗೆ ಹೇಳಿದರೆ, ಮದುವೆಯಾದಾಗಿನಿಂದ ತಾನೂ ‘ಸುಮ್ಮನಿರಿ’ ಎಂದೇ ಹೇಳುತ್ತಿರುವುದು ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಒಬ್ಬ ಮನುಷ್ಯ ಅಪರೂಪಕ್ಕೆ ತೆರೆದ ಬಾಗಿಲನ್ನು ನಾನೇ ಮುಚ್ಚಿದ್ದೆ.

ಮುಂದಿನ ವಾರ ಕ್ಷಮೆ ಕೇಳಿದೆ. ಅಂಕಲ್ ಎಲ್ಲ ಕೇಳಿಸಿಕೊಂಡು, ಟೀಗೆ ಸಕ್ಕರೆ ಎಷ್ಟು ಎಂದು ವಿಚಾರಿಸಿದರು.

ಅಷ್ಟರಲ್ಲಿ ಬ್ರಿಸ್ಬೇನ್ ಮತ್ತು ಅಡಿಲೇಡ್‌ನ ಇಂಥದೇ ಕೂಟಗಳಿಂದ ಗೆಳೆಯನ ತಂಡಕ್ಕೆ ಕರೆ ಬಂತು. ಅಂಕಲ್ ಟೀಗೆಂದು ಹೊರಟರು, ನಾನು ರಜೆ ಹಾಕಿ ಮೈಕಿಗೆಂದು ಹೊರಟೆ. ಬ್ರಿಸ್ಬೇನ್‌ನಲ್ಲಿ ಕ್ಯಾಲಮ್‌ವೇಲ್‌ನ ನಮ್ಮ ಪರಿಚಯದ ಆಂಟಿಯೊಬ್ಬರು ಇಡೀ ತಂಡಕ್ಕೆ ಬಿಸಿಬೇಳೆಬಾತ್ ಮಾಡಿ ಕಳಿಸಿದರು. ಅಂಕಲ್ ಎರಡು ಸಲ ಹಾಕಿಸಿಕೊಂಡರು, ಆದರೆ ಮೈಕಿನ ಕಡೆ ತಿರುಗಿಯೂ ನೋಡಲಿಲ್ಲ. ಬೇರೆಯವರು ಕಥೆ ಹೇಳುವಾಗ ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದೆ. ಅದನ್ನು ಅಂಕಲ್ ಗಮನಿಸಿದ್ದರೆಂದು ಆಗ ಗೊತ್ತಿರಲಿಲ್ಲ.

ಅಡಿಲೇಡ್‌ನಲ್ಲಿ ಎರಡನೆಯ ಹಾಡು ಮುಗಿದಾಗ ಅಂಕಲ್ ಎದ್ದು ಬಂದರು. ಅದೇ ಮಾತು: ನಾನೂ ನನ್ನ ತಮ್ಮನೂ ಒಂದಿನ ಮೀನು ಹಿಡಿಯೋಕೆ ಹೋಗಿದ್ವಿ. ಅದೇ ಮೌನ. ನಾನು ಕೈಗಳ ಮೇಲೆ ಪೂರ್ತಿ ಭಾರ ಹಾಕಿ ಕೂತೆ. ಇಪ್ಪತ್ತು ದಾಟಿತು, ಅರವತ್ತು ದಾಟಿತು, ಎಣಿಕೆ ತಪ್ಪಿತು. ಅಡುಗೆಮನೆಯ ಫ್ರಿಜ್ಜಿನ ಸದ್ದು ಕೇಳುತ್ತಿತ್ತು.

ಆಮೇಲೆ ಕಥೆ ಮುಂದುವರಿಯಿತು. ದೊಡ್ಡ ಮೀನೆಂದು ನೀರಿಗೆ ಹಾರಿದ ತಮ್ಮ, ಪ್ಯಾಂಟನ್ನು ನದಿಯಲ್ಲಿ ಕಳೆದುಕೊಂಡು, ಗೋಣಿಚೀಲ ಸುತ್ತಿಕೊಂಡು, ಊರ ನಡುವಿನ ದಾರಿಯಲ್ಲೇ ರಾಜಗಾಂಭೀರ್ಯದಿಂದ ಮನೆಗೆ ನಡೆದಿದ್ದನಂತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಕಲ್ ಕೂಡ ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ನಗು ಇಳಿದ ಮೇಲೆ ಜೇಬಿನಿಂದ ಮೌತ್ ಆರ್ಗನ್ ತೆಗೆದು, ತಮ್ಮ ಆ ದಾರಿಯುದ್ದಕ್ಕೂ ಶಿಳ್ಳೆ ಹಾಕಿದ್ದ ರಾಗವನ್ನು ನುಡಿಸಿದರು.

ರಾಗ ನಿಂತಿತು. ಯಾರೂ ಮಿಸುಕಲಿಲ್ಲ, ನಾನೂ ಕೈ ಹೊರತೆಗೆಯಲಿಲ್ಲ. ಅಂಕಲ್ ನನ್ನ ಕಡೆ ತಿರುಗಿದರು.

"ಈಗ ಮುಗೀತು, ಬ್ರದರ್. ಇನ್ನು ತಟ್ಟಬಹುದು."

ಸಭೆಯೆಲ್ಲ ನನ್ನತ್ತ ನೋಡಿತು. ತೊಡೆಯ ಕೆಳಗಿಂದ ಕೈ ತೆಗೆದರೆ ಎರಡೂ ಜೋಮು ಹಿಡಿದಿದ್ದವು. ಎಷ್ಟು ತಟ್ಟಿದರೂ ಸದ್ದೇ ಬರಲಿಲ್ಲ.