ಹಣೆಯ ಮೇಲಿನ ಹಸಿ ವಿಭೂತಿ

ಸಮರ್ಥ, ಸೃಷ್ಟಿ, ಹೋದ ವಾರ ನನ್ನ ದವಡೆ ಹಲ್ಲು ಕೀಳಿಸಲು ಜಮಖಂಡಿಗೆ ಹೋಗಿದ್ದೆವಲ್ಲ, ಅಲ್ಲಿ ದವಾಖಾನೆಯ ಬಾಗಿಲು ತೆರೆದ ಕೂಡಲೇ ಲವಂಗದ ಎಣ್ಣೆಯ ವಾಸನೆ ಬಂತು. ಅದರ ಹಿಂದೆಯೇ ಸ್ಪಿರಿಟ್ಟಿನ ವಾಸನೆ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ, ಅಜ್ಜಿ ಸೂಜಿಗೆ ಹೆದರಿದಳು ಎಂದು ನೀವಿಬ್ಬರೂ ನಕ್ಕಿರಿ. ಅದು ಸೂಜಿಯ ಹೆದರಿಕೆಯಲ್ಲ. ನಾಲ್ಕು ಜನರ ಎದುರು ಬಾಯಿ ತೆರೆದು ಹೇಳುವುದು ನನಗೆ ಮೊದಲಿನಿಂದಲೂ ಆಗದು. ಸಾವಳಗಿಯ ಸಾಲೆಯಲ್ಲಿ ಕಲಿತ ಅಕ್ಷರವಿದೆ, ಬರೆದು ಹೇಳುತ್ತೇನೆ.

ಬನಹಟ್ಟಿಯ ನಮ್ಮ ಓಣಿಯಲ್ಲಿ, ನಮ್ಮ ಮನೆಗೆ ಎದುರಾಗಿ ಹಲ್ಲಿನ ಡಾಕ್ಟರಮ್ಮ ಇದ್ದರು. ಲೋಕಾಪುರದ ಹೆಣ್ಣುಮಗಳು. ಮುಂದಿನ ಕೋಣೆಯಲ್ಲಿ ದವಾಖಾನೆ, ಹಿಂದಿನ ಕೋಣೆಯಲ್ಲಿ ಮನೆ. ಓಣಿಯ ತುಂಬ ಮಗ್ಗಗಳ ಸದ್ದು. ಆ ಸದ್ದಿನಲ್ಲಿ ಅವರ ಹಲ್ಲು ಕೊರೆಯುವ ಯಂತ್ರದ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ನಿಮ್ಮ ಅಜ್ಜನಿಗೆ ಅವರನ್ನು ಕಂಡರೆ ಅಕ್ಕರೆ. ಕಟ್ಟೆಯ ಮೇಲೆ ಕೂತು ಚೇಷ್ಟೆ ಮಾಡುತ್ತಿದ್ದರು.

"ಒಂದೊಂದ ಕಿತ್ತು ಕಿತ್ತು ಇಡೀ ಓಣಿನ್ನ ಬೊಚ್ಚ ಮಾಡಿದಿ ನೋಡವಾ."

"ನೀವು ಅಡಿಕಿ ಬಿಡ್ರಿ ಕಾಕಾ, ನಿಮ್ಮವು ಉಳಿಸಿಕೊಡ್ತೇನಿ."

ಕೊರೋನಾ ಬಂದಾಗ ಮಗ್ಗಗಳು ನಿಂತವು. ಓಣಿ ಮೂಕವಾಯಿತು. ಎಲ್ಲರೂ ಬಾಯಿ ಮುಚ್ಚಿಕೊಂಡು ತಿರುಗುವ ದಿನಗಳಲ್ಲಿ ಡಾಕ್ಟರಮ್ಮ ಮಂದಿಯ ಬಾಯಿ ತೆರೆಸಿ ಅದರ ಮೇಲೆ ಬಗ್ಗಬೇಕಿತ್ತು. ಕೊರೆಯುವಾಗ ಉಗುಳು ಮಂಜಿನ ಹಾಗೆ ಮುಖಕ್ಕೆ ಹಾರುತ್ತದೆ ಎಂದು ಅವರೇ ನನಗೆ ಹೇಳಿದ್ದರು. ಸಣ್ಣ ಮಗಳನ್ನು ಲೋಕಾಪುರದ ತವರಿಗೆ ಕಳಿಸಿಬಿಟ್ಟರು. ಮೈತುಂಬ ಪ್ಲಾಸ್ಟಿಕ್ ನಿಲುವಂಗಿ, ಮುಖದ ಮುಂದೆ ಗಾಜಿನಂಥ ಹಾಳೆ. ಒಬ್ಬರನ್ನು ನೋಡಿ ಕಳಿಸಿದ ಮೇಲೆ ಕಿಟಕಿ ಬಾಗಿಲು ತೆರೆದಿಟ್ಟು, ಕುರ್ಚಿ ಒರೆಸಿ, ಚಿಮಟ ಸೂಜಿಗಳನ್ನು ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿ, ಆಮೇಲೆಯೇ ಇನ್ನೊಬ್ಬರನ್ನು ಕರೆಯುವುದು. ಕೈ ತೊಳೆದು ತೊಳೆದು ಬೆರಳ ಸಂದಿಗಳು ಒಡೆದು ರಕ್ತ ಜಿನುಗುತ್ತಿತ್ತು. ನಾನು ಕೊಬ್ಬರಿ ಎಣ್ಣೆ ಕೊಡಲು ಹೋದರೆ, "ಅಲ್ಲೇ ಇಡ್ರಿ ಕಾಕೂ, ನನ್ನ ಹತ್ರ ಬರಬ್ಯಾಡ್ರಿ" ಎಂದು ಹಿಂದೆ ಸರಿದರು. ಮುಂಜಾನೆ ಬಾಗಿಲಿನ ಕೀಲಿ ತೆಗೆಯುವಾಗ ಅವರು ಒಮ್ಮೆ ಹಿಂದೆ ಸರಿದು ನಿಲ್ಲುವುದನ್ನು ನಮ್ಮ ಕಟ್ಟೆಯಿಂದಲೇ ಕಾಣಬಹುದಿತ್ತು. ಆದರೂ ಬಾಗಿಲು ತೆರೆಯುತ್ತಿದ್ದರು. ಹಲ್ಲಿನ ನೋವಿಗೆ ಕೊರೋನಾ ಗೊತ್ತಿರುವುದಿಲ್ಲವಲ್ಲ...

ಬಾಗಿಲಲ್ಲಿ ಅವರದು ಒಂದೇ ನಿಯಮ. ಹಣೆಗೆ ಜ್ವರದ ಯಂತ್ರ ಹಿಡಿಯುವುದು. ಜ್ವರವಿದ್ದರೆ ಗುಳಿಗೆ ಕೊಟ್ಟು ವಾಪಸ್ ಕಳಿಸುವುದು.

ರೋಗ ಎರಡನೆಯ ಸಲ ಜೋರಾದಾಗ ನಿಮ್ಮ ಅಜ್ಜನ ದವಡೆ ಬಾತುಕೊಂಡಿತು. ಅದಕ್ಕೂ ಮೊದಲೇ ಅವರ ಮೈ ಕಾದಿತ್ತು, ಕೆಮ್ಮೂ ಇತ್ತು. ಆಸ್ಪತ್ರೆಗೆ ಹೋಗೋಣ ಎಂದರೆ, "ಬಾಗಲಕ್ಕ ಕೊರೋನಾ ಚೀಟಿ ಹಚ್ಚತಾರ, ಓಣ್ಯಾಗ ಮಾರಿ ಎತ್ತಿ ತಿರಗೂದ ಬ್ಯಾಡೇನು?" ಎಂದು ಸಿಟ್ಟಾದರು. ಹಲ್ಲಿನ ದವಾಖಾನೆಗಾದರೂ ಹೋಗಬೇಡಿ, ಆ ಹುಡುಗಿಗೆ ಹತ್ತೀತು ಎಂದೆ. "ಸುಮ್ಮನ ಕುಂದರ್" ಎಂದರು. ಅವತ್ತು ನಾನು ಹಿತ್ತಲಲ್ಲಿ ಬಟ್ಟೆ ಒಗೆದು ಒಳಗೆ ಬಂದಾಗ ಹಾಸಿಗೆ ಖಾಲಿ. ಜಗುಲಿಯ ಮೇಲೆ ತಣ್ಣೀರಿನ ಚರಿಗೆ, ಹಿಂಡಿ ಬಿಸಾಡಿದ ವಸ್ತ್ರ, ಕಲಸಿ ಉಳಿದ ವಿಭೂತಿ. ಹಣೆಗೆ ಬಹಳ ಹೊತ್ತು ಒದ್ದೆ ವಸ್ತ್ರ ಹಾಕಿಕೊಂಡಿದ್ದರು. ಅದರ ಮೇಲೆ ವಿಭೂತಿಯನ್ನು ಎಂದಿನಂತೆ ಮೂರು ಗೆರೆ ಎಳೆಯದೆ, ಗೋಡೆಗೆ ಸುಣ್ಣ ಬಳಿದ ಹಾಗೆ ದಪ್ಪಗೆ, ಹಸಿಯಾಗಿ ಬಳಿದುಕೊಂಡು ಹೋಗಿದ್ದರು; ವಾಪಸ್ ಬಂದಾಗ ನಾನೇ ನೋಡಿದೆ. ಯಂತ್ರಕ್ಕೆ ಸಿಕ್ಕಿದ್ದು ಆ ತಣ್ಣನೆಯ ಹಣೆ. ಹಿರಿಯರ ಹಣೆಯ ವಿಭೂತಿ ಒರೆಸಿರಿ ಎಂದು ನಮ್ಮ ಕಡೆಯ ಯಾವ ಹೆಣ್ಣುಮಗಳು ಹೇಳಿಯಾಳು?

ನಾನು ಓಣಿಗೆ ಓಡುವಷ್ಟರಲ್ಲಿ ಕೊರೆಯುವ ಸದ್ದು ಕೇಳುತ್ತಿತ್ತು. ಮಗ್ಗಗಳು ನಿಂತಿದ್ದವಲ್ಲ, ಸ್ಪಷ್ಟವಾಗಿ ಕೇಳಿತು.

ನಾಲ್ಕನೆಯ ದಿನ ಸಂಜೆ ನಿಮ್ಮ ಅಜ್ಜನಿಗೆ ಉಸಿರು ಕಟ್ಟಿತು. ಆಸ್ಪತ್ರೆಯವರು ಅವರನ್ನು ಒಯ್ದರು, ನನ್ನನ್ನು ಒಳಗೆ ಹಾಕಿ ಬಾಗಿಲಿಗೆ ಚೀಟಿ ಅಂಟಿಸಿದರು. ಮತ್ತೆ ನಾನು ಅವರ ಮುಖ ನೋಡಲಿಲ್ಲ. ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ನಮ್ಮ ಪದ್ಧತಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಲಗಿಸಿ, ಹಗ್ಗದಿಂದ ಇಳಿಸಿದರಂತೆ. ಹಣೆಗೆ ವಿಭೂತಿ ಹಚ್ಚಲು ಯಾರನ್ನೂ ಹತ್ತಿರ ಬಿಡಲಿಲ್ಲವಂತೆ...

ಅಷ್ಟರಲ್ಲಿ ಡಾಕ್ಟರಮ್ಮನೂ ಜ್ವರದಿಂದ ಮಲಗಿದ್ದರು. ಅದು ಓಣಿಗೆ ಸಾಕಾಯಿತು. ಜಾಲಿಯ ಮುಳ್ಳಿನ ಕಂಟಿ ಕಡಿದು ತಂದು ಅವರ ಬಾಗಿಲಿಗೆ ಅಡ್ಡ ಒಟ್ಟಿದರು. ಹಾಲಿನವನು ಹಾಲಿನ ಪಾಕೀಟನ್ನು ಮುಳ್ಳಿಗೆ ಸಿಕ್ಕಿಸಿ ಹೋಗುತ್ತಿದ್ದ. ಅದು ಹರಿದು ಸೋರಿ, ಕೆಳಗೆ ನಾಯಿ ನೆಕ್ಕುತ್ತಿತ್ತು. ಹಲ್ಲು ಕಟ್ಟಿಸಿಕೊಂಡು ಹೋಗಿದ್ದ ಹೆಂಗಸರೇ ಆ ಹೊಸ ಹಲ್ಲು ಕಾಣುವ ಹಾಗೆ ಬೈದರು. "ಮಂದಿ ಬಾಯಾಗ ಕೈ ಹಾಕಿ ಹಾಕಿ ಕಡೀಕ ನಮ್ಮ ಬಾಯಾಗ ಮಣ್ಣ ಹಾಕಿದ್ಯಲ್ಲೇ!" ಒಳಗಿನಿಂದ ಕೆಮ್ಮು ಮಾತ್ರ ಕೇಳುತ್ತಿತ್ತು. ನನ್ನ ಮೈದುನ ಮುಳ್ಳಿನ ಮುಂದೆ ನಿಂತು, "ನಮ್ಮಣ್ಣನ್ನ ಕೊಂದಾಕಿ ಇಕಿ" ಎಂದು ಕೂಗಿದ.

ನಾನು ಬಾಗಿಲ ಸಂದಿಯಿಂದ ಹೇಳಿದೆ. ಜನ್ಮದಲ್ಲಿ ಮೊದಲ ಸಲ ಓಣಿಗೆ ಕೇಳುವಂತೆ ಹೇಳಿದೆ. "ಅವರಿಗೆ ಮೊದಲ ಜ್ವರ ಇತ್ತು. ಮುಚ್ಚಿಕೊಂಡು ಹೋಗ್ಯಾರ. ಆಕಿದೇನೂ ತಪ್ಪಿಲ್ಲ."

ಮೈದುನ ತಿರುಗಿ ನೋಡಿದ. "ವೈನಿ, ಸತ್ತಾವನ ಮ್ಯಾಲೆ ಹೇಳಾಕ ನಿಮಗ ನಾಲಗಿ ಹೆಂಗ ಬರತೈತ್ರಿ? ಒಳಗ ನಡೀರಿ." ಉಳಿದವರು, ಪಾಪ, ಗಂಡ ಹೋದ ದುಃಖಕ್ಕೆ ತಲೆ ಕೆಟ್ಟಿದೆ ಎಂದರು.

ಡಾಕ್ಟರಮ್ಮ ಸಾಯಲಿಲ್ಲ. ಎದ್ದು ತಿರುಗುವಂತಾದ ಮೇಲೆ ಒಂದು ಮಧ್ಯಾಹ್ನ ನಮ್ಮ ಹಿತ್ತಲಿಗೆ ಬಂದು ದೂರ ನಿಂತರು. ಮೈಯಲ್ಲಿ ಎಲುಬಷ್ಟೇ ಉಳಿದಿತ್ತು.

"ಕಾಕೂ, ನಿಮ್ಮ ಕಾಲ ಬೀಳ್ತೇನಿ, ಖರೆ ಹೇಳ್ರಿ. ಕಾಕಾಗ ಮೊದಲ ಜ್ವರ ಇತ್ತೋ, ನನ್ನ ಸೂಜಿಯಿಂದ ಹತ್ತಿತೋ? ಎಲ್ಲಾ ಕುದಿಸಿದ್ದೆನ್ರಿ. ಕುದಿಸಿದ್ದೆ ಅಂತ ಅನಸ್ತದ... ಈಗ ನನಗ ನೆನಪ ಆಗವಲ್ದು."

ನಾನು ಒದ್ದೆ ವಸ್ತ್ರದಿಂದ ವಿಭೂತಿಯವರೆಗೆ ಎಲ್ಲವನ್ನೂ ಹೇಳಿದೆ. ಅವರು ಒಡೆದ ಬೆರಳುಗಳನ್ನು ನೋಡಿಕೊಳ್ಳುತ್ತ ಕೇಳಿದರು.

"ಇಬತ್ತಿ ದಿನಾ ಹಚ್ಚತಿದ್ರಲ್ರಿ ಅವರು" ಎಂದರು. ಆಮೇಲೆ ನಕ್ಕರು. "ನೀವು ಭಾಳ ಛಲೋ ಮಂದಿ ಕಾಕೂ. ನನ್ನ ಸಮಾಧಾನಕ್ಕ ಸತ್ತ ಗಂಡನ್ನ ಸುಳ್ಳಗಾರ ಮಾಡಬ್ಯಾಡ್ರಿ."

ಸತ್ತವರಿಗೆ ಕೇಡು ಬಯಸುವವಳು ಎಂದು ಓಣಿ ನನ್ನನ್ನು ನಂಬಲಿಲ್ಲ. ಬಲು ಒಳ್ಳೆಯವಳು ಎಂದು ಅವರು ನಂಬಲಿಲ್ಲ.

ಅವರು ಲೋಕಾಪುರಕ್ಕೆ ಹೋದರು. ಕುರ್ಚಿ, ಯಂತ್ರ ಎಲ್ಲವನ್ನೂ ಯಾರೋ ಟೆಂಪೊದಲ್ಲಿ ಹಾಕಿಕೊಂಡು ಹೋದರು. ಹೋದ ವರ್ಷ ಅಲ್ಲಿ ಒಂದು ಮದುವೆಯಲ್ಲಿ ಅವರನ್ನು ಕಂಡೆ. ಎಲ್ಲರಿಗಿಂತ ಆಚೆ, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದರು. ಮತ್ತೆ ಒಂದು ಹಲ್ಲನ್ನೂ ಮುಟ್ಟಿಲ್ಲವಂತೆ. ಅವರ ಮಗಳು ಜಡೆ ಹಾಕಿಸಿಕೊಳ್ಳಲು ಬಾಚಣಿಗೆ ಹಿಡಿದು ಬಂದಳು. "ಅಜ್ಜಿ ಹತ್ರ ಹೋಗ" ಎಂದು ಕೈ ಹೊರಗೆ ತೆಗೆಯದೆ ಕಳಿಸಿದರು. ನನ್ನನ್ನು ನೋಡಿದ ಕೂಡಲೇ ಕೇಳಿದ್ದು ಅದೇ ಮಾತು. "ಖರೆ ಹೇಳ್ರಿ ಕಾಕೂ..." ನಾನು ಮತ್ತೆ ಅದನ್ನೇ ಹೇಳಿದೆ. ಅವರು ಮತ್ತೆ ಹಾಗೆಯೇ ನಕ್ಕರು.

ಈಗ ಎದುರು ಮನೆಯಲ್ಲಿ ಸೀರೆಯ ಗಂಟುಗಳನ್ನು ಒಟ್ಟಿದ್ದಾರೆ. ನಮ್ಮ ಪಡಸಾಲೆಯಲ್ಲಿ ನಿಮ್ಮ ಅಜ್ಜನ ಫೋಟೋ ಇದೆ. ನೀವು ಗೆಳೆಯರಿಗೆ ಅದನ್ನು ತೋರಿಸಿ, "ಹಲ್ಲಿನ ಡಾಕ್ಟರ್ ರೋಗ ಹಚ್ಚಿ ಕೊಂದಳು" ಎಂದು ಹೇಳುವುದನ್ನು ಅಡುಗೆಮನೆಯಿಂದ ಕೇಳಿದ್ದೇನೆ. ಮನೆಯಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ, ನೀವು ಕಲಿತಿದ್ದೀರಿ. ನಿಮ್ಮ ಅಜ್ಜ ಕೆಟ್ಟವರಾಗಿರಲಿಲ್ಲ. ಓಣಿಗೆ ಹೆದರಿದರು. ಆ ಹೆದರಿಕೆಯನ್ನು ಒಯ್ದು ಆ ಹುಡುಗಿಯ ತಲೆಯೊಳಗೆ ಇಟ್ಟು ಹೋದರು. ಅದನ್ನು ತೆಗೆಯುವುದು ನನ್ನಿಂದ ಆಗಲಿಲ್ಲ.

ನಾನು ಹೋದ ಮೇಲೆ ಇದನ್ನು ಹೇಳುವವರು ಇರುವುದಿಲ್ಲ. ಈ ಹಾಳೆಗಳನ್ನು ಆ ಫೋಟೋದ ಹಿಂದೆ ಇಡುತ್ತೇನೆ. ಸುಣ್ಣ ಬಳಿಯುವಾಗ ಫೋಟೋ ಇಳಿಸಿದರೆ ಇವನ್ನು ಕಸಕ್ಕೆ ಹಾಕಬೇಡಿ, ಒದ್ದೆಯಾಗಲು ಬಿಡಬೇಡಿ. ಓದಿ ಮತ್ತೆ ಅಲ್ಲಿಯೇ ಇಡಿರಿ, ಮಕ್ಕಳೇ.