ಶರಾವತಿ ಹುಟ್ಟುವ ಊರು

ಗೆಳೆಯರೇ, ಇವತ್ತು ಬೆಳಿಗ್ಗೆ ತಮ್ಮ ಗಿರೀಶನನ್ನು ಸಾಗರದಲ್ಲಿ ನಾನು ಓದಿದ ಚರ್ಚ್ ಶಾಲೆಗೆ ಎಳೆದುಕೊಂಡು ಹೋಗಿದ್ದೆ. ಮಗಳನ್ನು ಒಂದನೇ ತರಗತಿಗೆ ಇಲ್ಲಿ ಸೇರಿಸುವುದೋ, ಏಸಿ ಬಸ್ಸಿನ ಹೊಸ ಶಾಲೆಗೋ ಎಂದು ಅವನು ಇವತ್ತೇ ತೀರ್ಮಾನಿಸಬೇಕಿತ್ತು.

ವರಾಂಡದಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳನ್ನು ನಿಲ್ಲಿಸಿ ಪರೀಕ್ಷೆ ಶುರು ಮಾಡಿದ. "ಶರಾವತಿ ಎಲ್ಲಿ ಹುಟ್ಟುತ್ತೆ ಹೇಳು ಪುಟ್ಟಿ."

"ಗೊತ್ತಿಲ್ಲ ಅಂಕಲ್. ನೋಡ್ಕಂಡ್ ಬಂದು ಹೇಳ್ತೀನಿ" ಎಂದು ಓಡಿದಳು.

"ಎಂತ ಕಲಿಸ್ತಾರಕ್ಕ ಇಲ್ಲಿ? ನಮ್ಮ ಹೊಳೆ ಹೊಸನಗರದಲ್ಲಿ ಹುಟ್ಟೋದು ಅಂತಾನೂ ಗೊತ್ತಿಲ್ವಲ್ಲ!"

ಈ ಶಾಲೆಯಲ್ಲಿ ಗೊತ್ತಿಲ್ಲ ಎಂದರೆ ಬೈಗುಳವಿಲ್ಲ, ಆದರೆ ಹುಡುಕಿ ಬಂದು ಹೇಳಲೇಬೇಕು. ನಮ್ಮ ಕಾಲದಲ್ಲೂ ಹಾಗೇ ಇತ್ತು.

ಐದು ನಿಮಿಷಕ್ಕೆ ಹುಡುಗಿ ವಾಪಸ್ ಬಂದು, ಅವನನ್ನು ತರಗತಿಯ ಗೋಡೆಯ ಮೇಲಿದ್ದ ಜಿಲ್ಲಾ ನಕ್ಷೆಯ ಮುಂದೆ ನಿಲ್ಲಿಸಿದಳು. ಜೋಗದ ಮೇಲೆ ಬೆರಳಿಟ್ಟು ಹೊಳೆಯ ಎದುರು ದಿಕ್ಕಿಗೆ ಸಾಗಿದಳು. ಬೆರಳು ಲಿಂಗನಮಕ್ಕಿ ದಾಟಿತು, ಹೊಸನಗರದಲ್ಲೂ ನಿಲ್ಲಲಿಲ್ಲ. "ತೀರ್ಥಹಳ್ಳಿ ತಾಲ್ಲೂಕು, ಅಂಬುತೀರ್ಥ. ನೀವೇ ನೋಡಿ ಅಂಕಲ್."

ಗಿರೀಶ ಬಗ್ಗಿ ನೋಡಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ಅಕ್ಕಾ, ಅರ್ಜಿ ಫಾರ್ಮ್ ಯಾರ ಹತ್ರ ಇಸ್ಕಳದು?"

ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ನಕ್ಕರು. "ಮಗಳಿಗೆ ಸೀಟಿದೆ. ನಿಮಗೆ ಮಾತ್ರ ವಯಸ್ಸು ಮೀರಿದೆ."

ನನಗೋ ನಾನೇ ಆ ಹುಡುಗಿಯನ್ನು ಹೆತ್ತಷ್ಟು ಹೆಮ್ಮೆ. ಎಂ.ಎ. ಮಾಡಿದ ನಾನೂ ಇಷ್ಟು ದಿನ ಹೊಸನಗರ ಎಂದೇ ತಿಳಿದಿದ್ದೆ. ಅದನ್ನು ನಿಮಗಷ್ಟೇ ಹೇಳುತ್ತಿದ್ದೇನೆ, ಪುಣ್ಯಕ್ಕೆ ಗಿರೀಶ ಫೇಸ್‌ಬುಕ್ ನೋಡುವುದಿಲ್ಲ.