ಬಂಡೆ ನಂಬರ್ ಏಳು ಮತ್ತು ನಮ್ಮತ್ತೆಯ ಷರಾ

ಕಳೆದ ಶನಿವಾರ ಮಧ್ಯಾಹ್ನ ನಮ್ಮತ್ತೆಯವರು ಪೆಸಿಫಿಕ್ ಮಹಾಸಾಗರದ ಒಂದು ತುಂಡನ್ನು ಸಂಪೂರ್ಣವಾಗಿ ತೆರವುಗೊಳಿಸಿದರು.

ತುಂಡು ದೊಡ್ಡದೇನಲ್ಲ, ಊಟದ ಮಣೆಯಷ್ಟು. ಆದರೆ ತೆರವು ತೆರವೇ. ನಿವಾಸಿಗಳಿಗೆ ನೋಟಿಸ್ ಕೊಟ್ಟಿರಲಿಲ್ಲ. ಪುನರ್ವಸತಿ ಮಾತ್ರ ಸ್ಥಳದಲ್ಲೇ ಆಯಿತು. ಅದೇ ದೊಡ್ಡ ಫಜೀತಿ.

ನಾವು ಸ್ಯಾನ್ ಡಿಯಾಗೋ ಪಕ್ಕದ ಪೊವೇಯಲ್ಲಿದ್ದಾಗ ನನ್ನ ಮಗಳು ಅನಘಾ (ಎಂಟನೇ ಗ್ರೇಡು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ) ಅಲ್ಲಿನ ಕಡಲಂಚಿನಲ್ಲಿ ಒಂದು ಬಂಡೆಯನ್ನು ದತ್ತು ತೆಗೆದುಕೊಂಡಳು. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದು ಕಡಲತಳದ ಅಂಚು ಒಂದೆರಡು ಗಂಟೆ ಬಯಲಾಗುತ್ತದಲ್ಲ, ಅಲ್ಲಿ. ಬಂಡೆಯ ನಂಬರು ಏಳು. ಅದರ ಮೇಲೆ ಮೂರು ಕಡೆ ಬೋಲ್ಟ್ ಹೊಡೆದಿದ್ದಾರೆ. ಬೋಲ್ಟಿಗೆ ಸರಿಯಾಗಿ ಪ್ಲಾಸ್ಟಿಕ್ ಪೈಪಿನ ಚೌಕ ಇಡಬೇಕು, ಒಳಗಿರುವ ಬಸವನಹುಳುಗಳನ್ನು ಎಣಿಸಬೇಕು, ಶೀಟಿನಲ್ಲಿ ಬರೆಯಬೇಕು. ಮುಟ್ಟಬಾರದು. ತಿಂಗಳಿಗೊಮ್ಮೆ.

ಆಮೇಲೆ ನನ್ನ ಕೆಲಸ ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸಿಗೆ ಬಂತು. ಸೋಫಾ ಬಂತು, ಮಿಕ್ಸಿ ಬಂತು, ತುಳಸಿಯೂ ಬಂತು. ಬಂಡೆ ಬರಲಿಲ್ಲ. ಮಗಳು ಬಿಡಲಿಲ್ಲ. ಹಾಗಾಗಿ ತಿಂಗಳಿಗೊಂದು ಶನಿವಾರ ಅಪ್ಪ ಮಗಳು ಏಳು ಸೀಟಿನ ಗಾಡಿಯಲ್ಲಿ ಇಬ್ಬರೇ ಕೂತು, ಮೂರು ಗಂಟೆ ಡ್ರೈವ್ ಮಾಡಿ ಹೋಗಿ, ಹುಳು ಎಣಿಸಿ, ಮತ್ತೆ ಮೂರು ಗಂಟೆ ಡ್ರೈವ್ ಮಾಡಿ ಬರುತ್ತೇವೆ. (ಕಡಲಿಗೆ ಖಚಿತವಾದ ಟೈಮ್‌ಟೇಬಲ್ ಇದೆ. ನಮ್ಮ ಫ್ರೀವೇಗೆ ಇಲ್ಲ.)

ಎಣಿಸುವುದೇಕೆ? ಬಂಡೆಗಳ ಉಸ್ತುವಾರಿ ಮಾರ್ಗರೆಟ್ ಎಂಬ ನಿವೃತ್ತ ಬಯಾಲಜಿ ಟೀಚರಮ್ಮನದು. ಆಕೆಯೇ ನನಗೆ ತಿಳಿಸಿ ಹೇಳಿದ್ದು. ಈ ಕರಾವಳಿಯ ನೀರು ಮೊದಲಿನಿಂದಲೂ ತಣ್ಣನೆಯದು. ಈಗ ಅದು ನಮಗೆ ನಿಮಗೆ ಗೊತ್ತಾಗದಷ್ಟು ಬೆಚ್ಚಗಾಗುತ್ತಿದೆ. ಬಂಡೆಗೆ ಅಂಟಿಕೊಂಡವರಿಗೆ ಗೊತ್ತಾಗುತ್ತದಂತೆ. ದಕ್ಷಿಣದ ಬೆಚ್ಚನೆ ನೀರಿನ ಹುಳುಗಳು ಮೆಲ್ಲಗೆ ಉತ್ತರಕ್ಕೆ ಬಂದು ಸೇರುತ್ತವೆ. ತಣ್ಣೀರಿನ ಹಳೆಯ ಕುಳಗಳು ಇನ್ನೂ ಉತ್ತರಕ್ಕೋ ಆಳಕ್ಕೋ ಜಾರುತ್ತವೆ. ಜಾರಲಾಗದವು ಸುಮ್ಮನೆ ಕಡಿಮೆಯಾಗುತ್ತವೆ.

ನನಗೆ ಮೊದಲನೆಯ ಗುಂಪಿನ ಮೇಲೆ ವಿಶೇಷ ಮಮತೆ. ಮೆಕ್ಸಿಕೋ ಗಡಿ ಅಲ್ಲೇ ಪಕ್ಕದಲ್ಲಿದೆ. ವೀಸಾ ಇಲ್ಲದೆ, ಲಾಯರ್ ಇಲ್ಲದೆ, ಬೆನ್ನ ಮೇಲೆ ಮನೆ ಹೊತ್ತುಕೊಂಡು ಬಂದು ಸೆಟ್ಲ್ ಆದ ಜೀವಿಗಳು! ಹಸಿರು ಕಾರ್ಡಿಗೆ ಅಪ್ಲೈ ಮಾಡಿ ಆರು ವರ್ಷದಿಂದ ಕೂತವನಿಗಲ್ಲವೇ ಅದರ ಬೆಲೆ ಗೊತ್ತು?

ಈ ಸಲದ ಎಣಿಕೆ ಮುಖ್ಯವಾಗಿತ್ತು. ಚಳಿಗಾಲದಲ್ಲಿ ಒಳ್ಳೆಯ ಇಳಿತ ಮಧ್ಯಾಹ್ನ ಬರುತ್ತದೆ. ಆ ಹಂಗಾಮಿನ ಕೊನೆಯ ಸರದಿ ಇದು. ಒಂದೂ ತಿಂಗಳು ತಪ್ಪಿಸದೆ ಎಣಿಸಿದವರ ಶೀಟುಗಳನ್ನು ಮಾರ್ಗರೆಟ್ ತನ್ನ ಹಳೆಯ ದೊಡ್ಡ ರಿಜಿಸ್ಟರಿಗೆ ಸೇರಿಸುತ್ತಾಳೆ. ಅನಘಾ ಒಂದನ್ನೂ ತಪ್ಪಿಸಿರಲಿಲ್ಲ. ಜ್ವರ ಬಂದಾಗಲೂ ಹೋಗಿದ್ದಳು. (ಜ್ವರ ನನಗೆ ಬಂದಿತ್ತು.)

ಈ ಸಲ ನಮ್ಮ ಜೊತೆಗೆ ಅತ್ತೆ ಹೊರಟರು. ಧಾರವಾಡದ ನಿವೃತ್ತ ಹೆಡ್‌ಮಿಸ್ಟ್ರೆಸ್. ಮಗಳ ಮನೆ ನೋಡಲು ಬಂದು ಎರಡು ತಿಂಗಳಾಗಿತ್ತು. ಜೀವದಯೆ ಬಹಳ. ದಿನಾ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಇರುವೆಗೆ ಸಕ್ಕರೆ ಹಾಕುತ್ತಾರೆ. ಅವರು ಬಂದ ಮೇಲೆ ಪೆಸ್ಟ್ ಕಂಟ್ರೋಲ್‌ನವನು ಎರಡು ಸಲ ಬಂದು ಹೋಗಿದ್ದಾನೆ. ಇಷ್ಟೆಲ್ಲ ಗೊತ್ತಿದ್ದೂ ನನಗೆ ಹೊಳೆಯಲಿಲ್ಲ ನೋಡಿ.

ಬಂಡೆಯ ಹತ್ತಿರ ಅತ್ತೆ ಮೊದಲು ನೀರಿಗೆ ಕೈಯಿಟ್ಟರು.

"ಅಯ್ಯ ನನ್ನ ಶಿವನ! ಏನ್ರೀ ಅಳಿಯಂದ್ರ, ಬರ್ಫ್ ಆಗೇದ! ಇದಕ್ಕ ಬಿಸಿ ಆಗೇದ ಅಂತ ಅಳ್ತಾರೇನು ಇವರು?"

"ಹುಳುಗಳಿಗೆ ಹಾಗನ್ನಿಸುತ್ತಂತೆ ಅತ್ತೆ."

"ನಮ್ಮ ಬಚ್ಚಲಕ್ಕ ಬರಹೇಳ್ರಿ ಒಮ್ಮೆ."

ಅನಘಾ ಮೊದಲ ಚೌಕ ಎಣಿಸಿ ಎರಡನೆಯದಕ್ಕೆ ಹೋದಳು. ಅತ್ತೆಯನ್ನು ನೋಡಿಕೊಳ್ಳುವುದು ನನ್ನ ಡ್ಯೂಟಿ. ಆದರೆ ಕಾರಿನಲ್ಲಿ ಚಪಾತಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಇತ್ತು. ವಿಜ್ಞಾನ ಮುಖ್ಯವೋ ಚಟ್ನಿ ಮುಖ್ಯವೋ? ಕಾರಿಗೆ ಹೋಗಿ ಬಂದೆ. ಹತ್ತೇ ನಿಮಿಷ.

ಬಂದು ನೋಡಿದರೆ ಅತ್ತೆ ಸೀರೆ ಎತ್ತಿ ಸಿಗಿಸಿ, ನನ್ನ ಹಳೇ ಜಾಕೆಟ್ ತೊಟ್ಟು, ಮೂರನೆಯ ಬೋಲ್ಟಿನ ಹತ್ತಿರ ಬಗ್ಗಿದ್ದಾರೆ. ಕೈಯಲ್ಲಿ ಅವಲಕ್ಕಿ ತಂದಿದ್ದ ಸ್ಟೀಲ್ ಡಬ್ಬಿ. ಬಂಡೆಯಿಂದ ಹುಳು ಬಿಡಿಸಿ ಡಬ್ಬಿಗೆ, ಡಬ್ಬಿಯಿಂದ ಕೆಳಗಿನ ನೀರಗುಂಡಿಗೆ.

"ಪಾಪ, ನೀರಿಲ್ಲದ ಒಣಗಿ ಸಾಯ್ಲಿಕ್ಕೆ ಹತ್ತಿದ್ವು. ಅಪ್ಪ ಮಗಳು ನಂಬರ್ ಬರಕೋತ ಕುಂತೀರಿ. ಎಲ್ಲಾರ್ನೂ ನೀರಿಗೆ ಬಿಟ್ಟೆ ನೋಡ್ರಿ."

ಎಲ್ಲಾರ್ನೂ! ಇಳಿತದಲ್ಲಿ ಬಾಯಿ ಮುಚ್ಚಿಕೊಂಡು, ಮುಂದಿನ ಭರತಕ್ಕೆ ನಿಶ್ಚಿಂತೆಯಿಂದ ಕಾಯುತ್ತಿದ್ದ ಗೃಹಸ್ಥರು ಅವರು. ದಿನಾ ಮಾಡುವ ಕೆಲಸ ಅದು. ತಣ್ಣೀರಿನವರು, ಬಿಸಿನೀರಿನವರು, ಮೂಲನಿವಾಸಿಗಳು, ವಲಸಿಗರು, ಯಾವ ಭೇದವೂ ಇಲ್ಲದೆ ಒಂದೇ ಗುಂಡಿಯಲ್ಲಿ. ಸಮುದ್ರ ಬಿಸಿಯಾಗಿ ದಶಕಗಳಲ್ಲಿ ಮಾಡಬೇಕಾದ ಕೆಲಸವನ್ನು ಅತ್ತೆ ಹತ್ತು ನಿಮಿಷದಲ್ಲಿ ಮುಗಿಸಿದ್ದರು.

"ಅಜ್ಜೀ, ನೋ! ದೇ ವರ್ ಫೈನ್!" ಅನಘಾ ಓಡಿ ಬಂದಳು. ಬೋಳು ಬಂಡೆ ನೋಡಿದಳು. ಕಣ್ಣಲ್ಲಿ ನೀರು.

ಅತ್ತೆಯ ಮುಖ ಇಳಿಯಿತು. "ಹಂಗಾರ ತಿರುಗಿ ಇಡೂಣು. ಯಾರು ಎಲ್ಲಿದ್ರು ನನಗ ನೆನಪದ. ಅರವತ್ತು ಹುಡುಗರ ಕ್ಲಾಸ್ ನಡಸೀನಿ."

ಗುಂಡಿಗೆ ಬಿದ್ದವರು ಆಗಲೇ ಸಂದುಗೊಂದು ಸೇರಿಕೊಂಡಿದ್ದರು. ಕಡಲು ಮತ್ತೆ ಏರತೊಡಗಿತ್ತು. ಆಗ ನಾನು, ಕುಟುಂಬದ ಹಿರಿಯ ಇಂಜಿನಿಯರ್, ಒಂದು ವ್ಯಾವಹಾರಿಕ ಸಲಹೆ ಕೊಟ್ಟೆ.

"ಹೋದ ತಿಂಗಳ ನಂಬರನ್ನೇ ಬರೆದುಬಿಡು ಪುಟ್ಟಿ. ಒಂದೆರಡು ಹೆಚ್ಚು ಕಡಿಮೆ ಮಾಡು. ಯಾರು ನೋಡ್ತಾರೆ?"

ಅನಘಾ ಬಾಯಿ ತೆರೆಯುವ ಮೊದಲೇ ಅತ್ತೆ ಸೆಟೆದು ನಿಂತರು. ಸೆರಗಿನಿಂದ ಕಡಲನೀರು ತೊಟ್ಟಿಕ್ಕುತ್ತಿತ್ತು. ದನಿ ಮಾತ್ರ ಪರೀಕ್ಷಾ ಹಾಲಿನದು.

"ಅಳಿಯಂದ್ರ! ಹುಡುಗಿಗೆ ಕಾಪಿ ಹೊಡೀಲಿಕ್ಕೆ ಕಲಸ್ತೀರೇನು?"

ನಾನು ಚಟ್ನಿಯ ಡಬ್ಬಿ ಹಿಡಿದು ನಿಂತೆ. ಬೇರೆ ಏನು ಮಾಡಲಿ?

"ಪುಟ್ಟಿ, ಆ ಪಟ್ಟ್ಯಾಗ ಕಡೀಗೆ ಷರಾ ಅಂತ ಜಾಗ ಇರಬೇಕು. ಸರ್ಕಾರಿ ಪಟ್ಟಿ ಅಂದ್ರ ಇದ್ದ ಇರ್ತದ."

ಇತ್ತು! ಶೀಟಿನ ಕೊನೆಯ ಅಂಕಣ. ಟಿಪ್ಪಣಿ ಬರೆಯುವ ಜಾಗ.

"ಬರಿ. ಮೂರನೇ ಚೌಕ ಎಣಿಸಿಲ್ಲ. ಅಜ್ಜಿ ಹುಳು ತಗದಾಳ. ತಪ್ಪು ಆಕಿದು, ನಂದಲ್ಲ ಅಂತ ಬರಿ."

ಮಗಳು ಇಂಗ್ಲಿಷಿನಲ್ಲಿ ಬರೆದಳು. ಕಡೆಯ ವಾಕ್ಯ ಬರೆಯಲಿಲ್ಲ. ಅತ್ತೆ ಪೆನ್ನು ತೆಗೆದುಕೊಂಡು ಕೆಳಗೆ ಕನ್ನಡದಲ್ಲಿ ಪೂರ್ತಿ ಹೆಸರು, ಊರು ಸಮೇತ ಸಹಿ ಹಾಕಿದರು.

ಪಾರ್ಕಿಂಗ್ ಲಾಟಿನಲ್ಲಿ ಮಾರ್ಗರೆಟ್ ಶೀಟು ಓದಿದಳು. ಒಂದು ಸಲ ಅತ್ತೆಯ ಒದ್ದೆ ಸೀರೆ ನೋಡಿದಳು. ನಗಲಿಲ್ಲ. ಆ ಚೌಕ ಈ ತಿಂಗಳು ಖಾಲಿಯೇ ಉಳಿಯುತ್ತದೆ, ಮುಂದಿನ ಕೆಲವು ತಿಂಗಳ ಲೆಕ್ಕವನ್ನೂ ಅನುಮಾನದಿಂದಲೇ ನೋಡಬೇಕಾಗುತ್ತದೆ ಎಂದಳು. ಮಗಳ ತಲೆ ತಗ್ಗಿತು. ಮಾರ್ಗರೆಟ್ ಶೀಟನ್ನು ಮಡಿಸದೆ ರಿಜಿಸ್ಟರಿನೊಳಗೆ ಇಟ್ಟಳು. "ಖಾಲಿ ಜಾಗ ತೊಂದರೆಯಿಲ್ಲ, ಸುಳ್ಳು ನಂಬರಿನದೇ ತೊಂದರೆ" ಎಂದಳು. (ನನ್ನ ಕಡೆ ಯಾಕೆ ನೋಡಿದಳೋ ಗೊತ್ತಿಲ್ಲ.) ಬಿರುಗಾಳಿ, ದೋಣಿಯ ಎಣ್ಣೆ, ಯಾರದೋ ನಾಯಿ, ಷರಾದಲ್ಲಿ ಏನೇನೋ ಬಂದಿವೆಯಂತೆ. ಅಪರಾಧಿಯೇ ಸಹಿ ಹಾಕಿದ್ದು ಇದೇ ಮೊದಲಂತೆ.

ವಾಪಸ್ ಬರುವಾಗ ಫ್ರೀವೇ ಎಂದಿನಂತೆ ನಿಂತಿತ್ತು. ಅತ್ತೆಯ ಕಾಲು ಮರಗಟ್ಟಿದ್ದಕ್ಕೆ ಹೀಟರ್ ಫುಲ್ ಇಟ್ಟಿದ್ದೆ. ಎಂಟು ಸಿಲಿಂಡರಿನ ಇಂಜಿನ್ ಇದ್ದಲ್ಲೇ ಗುರುಗುಟ್ಟುತ್ತಿತ್ತು. ಸುತ್ತ ಕಣ್ಣು ಹಾಯುವಷ್ಟು ದೂರ ನಮ್ಮಂಥವೇ ಗಾಡಿಗಳು, ಒಂದೊಂದರಲ್ಲಿ ಒಬ್ಬೊಬ್ಬರು.

ಹಿಂದಿನ ಸೀಟಿನಿಂದ ಹೆಡ್‌ಮಿಸ್ಟ್ರೆಸ್ ದನಿ ಬಂತು. "ಅಳಿಯಂದ್ರ, ನಾ ಹುಳು ತಗದದ್ದು ಬರದ್ವಿ, ಖರೆ. ಆ ನೀರು ಬಿಸಿ ಮಾಡಿದವರು ಸಹಿ ಹಾಕ್ಯಾರೇನು?"

ಪೆನ್ನು ಅನಘಾಳ ಕೈಯಲ್ಲೇ ಇತ್ತು. ಸಹಿ ಹಾಕು ಎಂದು ಅವಳು ನನಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ.